ಐದನೆಯ ಗುಬ್ಬಿ

ಹಿತ್ತಿಲಿನ ಹಕ್ಕಿಯನ್ನು ಕಂಡು ದೇವರ ಪೋಷಣೆಯನ್ನು ಸ್ಮರಿಸುವುದು ಕ್ರೈಸ್ತ ಭಕ್ತರಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹೊಲ ಗೆಯ್ಯದ, ಕಣಜ ಕಟ್ಟದ ಪಕ್ಷಿಗಳಿಗೂ ಪರಲೋಕದ ತಂದೆಯು ಆಹಾರವನ್ನು ಒದಗಿಸುವನೆಂದು ಯೇಸುಸ್ವಾಮಿಯು ಪರ್ವತಪ್ರಸಂಗದಲ್ಲಿ ಬೋಧಿಸಿದುದೇ ಈ ರೂಢಿಗೆ ಮೂಲ. ಬೋಧೆಯು ಹಿತವಾದುದು, ಆದರೆ ಹಕ್ಕಿಯನ್ನು ಎಷ್ಟು ಕಾಲ ನೋಡಬೇಕೆಂಬ ಪ್ರಶ್ನೆಯೊಂದು ಅದರ ಬೆನ್ನಿಗಿದೆ. ಕಿಟಕಿಯಿಂದ ಕ್ಷಣಕಾಲ ನೋಡಿದವನಿಗೆ ಹಾಡು ಕೇಳಿಸುವುದು, ಹಾರಾಟ ಕಾಣುವುದು. ವರ್ಷವಿಡೀ ನೋಡಿದವನಿಗೆ ಗೂಡಿನಿಂದ ಬಿದ್ದ ಮರಿ, ಗಿಡುಗದ ಉಗುರು, ಹಸಿವಿನಿಂದ ಮುದುಡಿದ ರೆಕ್ಕೆ ಇವೂ ಕಾಣದಿರವು. ಕ್ಷಣದ ನೋಟದಲ್ಲಿ ಹುಟ್ಟಿದ ವಿಶ್ವಾಸವು ವರ್ಷದ ನೋಟವನ್ನು ತಾಳಬಲ್ಲುದೆ?

ಹೀಗೆ ದೀರ್ಘಕಾಲ ನೋಡಿದವರಲ್ಲಿ ಇಂಗ್ಲೆಂಡಿನ ಡೇವಿಡ್ ಲ್ಯಾಕ್ (೧೯೧೦–೧೯೭೩) ಎಂಬವರು ಪ್ರಸಿದ್ಧರು. ಡೆವನ್ ಪ್ರಾಂತದ ಡಾರ್ಟಿಂಗ್‌ಟನ್‌ನಲ್ಲಿ ಉಪಾಧ್ಯಾಯರಾಗಿದ್ದಾಗ ಅವರು ರಾಬಿನ್ ಎಂಬ ಪುಟ್ಟ ತೋಟದ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರಗಳನ್ನು ತೊಡಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿ, ಅವುಗಳ ಬಾಳನ್ನು ವರ್ಷಗಟ್ಟಲೆ ಅನುಸರಿಸಿ ನೋಡಿದರು. ಕನ್ನಡನಾಡಿನ ಅಂಗಳಗಳಲ್ಲಿ ಹಾಡುವ ಮಡಿವಾಳಹಕ್ಕಿಗೆ ಈ ರಾಬಿನ್ ದೂರದ ನಂಟು. ಶಿಲುಬೆಯ ಮೇಲಿದ್ದ ಕ್ರಿಸ್ತನ ಮುಳ್ಳನ್ನು ಕೀಳಹೋಗಿ, ಆತನ ರಕ್ತವು ತಗುಲಿ ಇದರ ಎದೆಯು ಕೆಂಪಾಯಿತೆಂಬ ಕಥೆಯೊಂದು ಯೂರೋಪಿನ ಜನರಲ್ಲಿ ಉಂಟು. ೧೯೪೩ರಲ್ಲಿ ಲ್ಯಾಕರು ಪ್ರಕಟಿಸಿದ ‘ರಾಬಿನ್ನಿನ ಜೀವನ’ವೆಂಬ ಗ್ರಂಥವು ತಿಳಿಸಿದುದು ಬೇರೆಯೇ. ಆ ಕೆಂಪೆದೆಯು ಎದುರಾಳಿಗೆ ತೋರಿಸುವ ಬೆದರಿಕೆ. ಆ ಇಂಪಾದ ಗಾನವು ತನ್ನ ನೆಲದ ಎಲ್ಲೆಯನ್ನು ಸಾರುವ ಡಂಗುರ. ತನ್ನ ಎಲ್ಲೆಯೊಳಗೆ ಬರಿಯ ಕೆಂಪು ಗರಿಗಳ ಗೊಂಚಲನ್ನು ಕಂಡರೂ ಅದು ಮೇಲೆರಗುವುದುಂಟು. ಬೆಳೆದ ರಾಬಿನ್‌ಗಳಲ್ಲಿಯೂ ವರ್ಷವೊಂದಕ್ಕೆ ಅರ್ಧಕ್ಕಿಂತ ಹೆಚ್ಚು ಸಾಯುವುವು.

ಇಷ್ಟನ್ನು ಲೆಕ್ಕವಿಟ್ಟು ಬಲ್ಲ ಈ ಪಂಡಿತರು ೧೯೪೮ರಲ್ಲಿ ಕ್ರೈಸ್ತ ವಿಶ್ವಾಸವನ್ನು ಅಂಗೀಕರಿಸಿದರು. ತಾವು ಕಂಡುದನ್ನು ಅವರು ಮರೆಮಾಡಲಿಲ್ಲ. ವಿಕಾಸವಾದವನ್ನೂ ಕ್ರೈಸ್ತ ನಂಬಿಕೆಯನ್ನೂ ಕುರಿತು ೧೯೫೭ರಲ್ಲಿ ಬರೆದ ಪುಸ್ತಕಕ್ಕೆ ‘ಬಗೆಹರಿಯದ ವಿವಾದ’ ಎಂಬರ್ಥದ ಉಪನಾಮವನ್ನೇ ಇಟ್ಟರು. ಹಕ್ಕಿಗಳ ಮರಣವನ್ನು ಎಣಿಸಿದವನು ದೇವರನ್ನು ನಂಬುವುದು ಹೇಗೆ ಸಾಧ್ಯವೆಂದು ಕೇಳುವವರು ಸುವಾರ್ತೆಯ ಮತ್ತೊಂದು ಮಾತನ್ನು ಗಮನಿಸಬೇಕು.

ಅದು ಬಯಲಿನ ಹಕ್ಕಿಯ ಮಾತಲ್ಲ, ಸಂತೆಯ ಹಕ್ಕಿಯ ಮಾತು. ಆ ಕಾಲದ ಪ್ಯಾಲೆಸ್ಟೈನಿನಲ್ಲಿ ಬಡವರು ಆಹಾರಕ್ಕಾಗಿ ಗುಬ್ಬಿಗಳನ್ನು ಕೊಳ್ಳುತ್ತಿದ್ದರು. ಮತ್ತಾಯನ ಸುವಾರ್ತೆಯಂತೆ ಒಂದು ತಾಮ್ರದ ಕಾಸಿಗೆ ಎರಡು. ಲೂಕನ ಸುವಾರ್ತೆಯಂತೆ ಎರಡು ಕಾಸಿಗೆ ಐದು. ಆ ಕಾಸೋ ಕೂಲಿಯವನ ದಿನಗೂಲಿಯಲ್ಲಿ ೧೬ರಲ್ಲೊಂದು ಪಾಲು. ಎರಡು ಲೆಕ್ಕಗಳನ್ನೂ ಒಟ್ಟಿಗಿಟ್ಟರೆ ಐದನೆಯ ಗುಬ್ಬಿಗೆ ಬೆಲೆಯೇ ಇಲ್ಲವೆಂದು ತಿಳಿಯುವುದು; ಅದು ವರ್ತಕನು ಕೊಸರಾಗಿ ಹಾಕಿದುದು. ಅಂತಹ ಗುಬ್ಬಿಯೂ ದೇವರಿಗೆ ಮರೆತುಹೋಗಿಲ್ಲ, ಅದು ನೆಲಕ್ಕೆ ಬೀಳುವುದು ತಂದೆಯನ್ನು ಬಿಟ್ಟು ಆಗುವುದಲ್ಲ ಎಂಬುದೇ ಅಲ್ಲಿಯ ಬೋಧೆ.

ಗುಬ್ಬಿಯು ಬೀಳುವುದೇ ಇಲ್ಲವೆಂದು ಕ್ರಿಸ್ತನು ಎಲ್ಲಿಯೂ ಹೇಳಲಿಲ್ಲ. ಈ ಮಾತನ್ನು ಕೇಳಿದವರಾದರೂ ಯಾರು? ಸುಖವಾಗಿ ಮನೆಯಲ್ಲಿ ಕುಳಿತವರಲ್ಲ. ನ್ಯಾಯಸ್ಥಾನಗಳಿಗೂ ಚಾಟಿಯೇಟುಗಳಿಗೂ ಗುರಿಯಾಗಬೇಕಾಗಿದ್ದ ಶಿಷ್ಯರು. ಅವರಲ್ಲಿ ಒಬ್ಬನಾದ ಯಾಕೋಬನನ್ನು ಮುಂದೆ ಹೆರೋದರಾಜನು ಕತ್ತಿಯಿಂದ ಕೊಲ್ಲಿಸಿದನು. ಅಪಾಯವೇ ಬಾರದೆಂಬುದು ಈ ಮಾತಿನ ಅರ್ಥವಾಗಿದ್ದರೆ ಅದು ಆ ದಿನವೇ ಸುಳ್ಳಾಗುತ್ತಿತ್ತು. ಬಿದ್ದರೂ ತಂದೆಯ ಅರಿವಿನಿಂದ ಜಾರಲಾರರೆಂಬುದೇ ಅದರ ತಿರುಳು.

ಬಿದ್ದವನಿಗೆ ಈ ಅರಿವಿನಿಂದ ಆಗುವ ಪ್ರಯೋಜನವೇನೆಂದು ಶೋಕಾರ್ತರು ಕೇಳಬಹುದು. ಮಗುವನ್ನು ಕಳೆದುಕೊಂಡ ತಾಯಿಗೆ ಬೇಕಾದುದು ಮಗು. ಅದನ್ನು ದೇವರು ಮರೆತಿಲ್ಲವೆಂಬ ವಾರ್ತೆಯಲ್ಲ. ಈ ಪ್ರಶ್ನೆಯನ್ನು ಅವಿಶ್ವಾಸವೆಂದು ಜರೆಯುವುದು ಅನ್ಯಾಯ. ಕ್ರೈಸ್ತಧರ್ಮವು ಇದಕ್ಕೆ ತರ್ಕದ ಉತ್ತರವನ್ನು ಕೊಟ್ಟಿಲ್ಲ; ಶಿಲುಬೆಯನ್ನು ತೋರಿಸಿದೆ. ಗುಬ್ಬಿಯ ಮಾತನ್ನು ಆಡಿದವನೇ ಕೈಬಿಡಲ್ಪಟ್ಟವನಂತೆ ಕೂಗಿ ಸತ್ತನು. ಬೀಳುವುದು ಹೇಗಿರುವುದೆಂಬುದನ್ನು ದೇವರು ದೂರದಿಂದ ನೋಡಿದವನಲ್ಲ, ಅನುಭವಿಸಿದವನು ಎಂಬುದು ಆ ಧರ್ಮದ ನಂಬಿಕೆ. ಅದು ದುಃಖವನ್ನು ಅಳಿಸದು. ದುಃಖಿಯನ್ನು ಒಂಟಿಯಾಗಿ ಬಿಡದು.

ಹೀಗಿರಲು, ಹೊಟ್ಟೆ ತುಂಬಿದವನು ಹಸಿದವನಿಗೆ ಆಕಾಶದ ಹಕ್ಕಿಗಳನ್ನು ತೋರಿಸಿ ಕಳುಹಿಸುವುದು ಸುವಾರ್ತೆಗೆ ಮಾಡುವ ಅಪಚಾರವೇ ಸರಿ. ಅನ್ನವಸ್ತ್ರಗಳಿಲ್ಲದವನನ್ನು ಬರಿಯ ಶುಭವಚನದಿಂದ ಬೀಳ್ಕೊಡುವವರ ವಿಶ್ವಾಸವು ನಿರ್ಜೀವವೆಂದು ಯಾಕೋಬನ ಹೆಸರಿನ ಪತ್ರಿಕೆಯೂ ಸಾರುವುದು. ಗೂಡಿನ ಮುಂದೆ ಒಂದು ದಿನ ಕುಳಿತು ನೋಡಿದರೆ ಈ ವಿಷಯವು ಸ್ಪಷ್ಟವಾಗುವುದು. ಪುಟ್ಟ ಹಕ್ಕಿಗಳ ಜೋಡಿಯು ಮರಿಗಳಿಗಾಗಿ ದಿನವೊಂದಕ್ಕೆ ನೂರಾರು ಬಾರಿ ಹುಳುಗಳನ್ನು ಹೊತ್ತುತರುವುದುಂಟು. ದೇವರು ಹಕ್ಕಿಗಳನ್ನು ಪೋಷಿಸುವನೆಂಬುದು ನಿಜವಾದರೆ, ಮರಿಯ ಪಾಲಿಗೆ ಆ ಪೋಷಣೆಯು ಬರುವುದು ದಣಿದ ತಾಯಿತಂದೆಗಳ ಕೊಕ್ಕಿನ ಮೂಲಕ. ಹಸಿದ ನೆರೆಯವನಿಗೆ ಅದು ಬರಬೇಕಾದುದು ಮತ್ತೊಬ್ಬ ಮನುಷ್ಯನ ಕೈಯಿಂದ. ಸಂತೆಯ ಲೆಕ್ಕದಲ್ಲಿ ಕೊಸರಾಗಿ ಹೋಗುವವರು ಪ್ರತಿಯೊಂದು ಊರಿನಲ್ಲಿಯೂ ಇರುವರು. ಅವರನ್ನು ದೇವರು ಮರೆತಿಲ್ಲವೆಂದು ನಂಬುವ ಮನೆಯವರು ತಾವೂ ಅವರನ್ನು ಮರೆಯಬಾರದು.