ಕೌದಿಯ ಒಳಪದರ



ತಾಯಿಯ ಹಳೆಯ ಸೀರೆ, ತಂದೆಯ ಸವೆದ ಪಂಚೆ, ಬಾಲ್ಯದಲ್ಲಿ ನೀವೇ ತೊಟ್ಟಿದ್ದ ಹಬ್ಬದ ಲಂಗದ ಅಂಚು, ಇವುಗಳನ್ನು ಕತ್ತರಿಸಿ ಮೊಳದಗಲದ ಪುಟ್ಟ ಕೌದಿಯೊಂದನ್ನು ಹೊಲಿದು ಗೋಡೆಗೆ ತೂಗುಹಾಕಬೇಕೆಂಬ ಆಸೆ ನಿಮಗೂ ಎಂದಾದರೂ ಮೂಡಿರಬಹುದು. ಅದು ಹೊದೆಯುವುದಕ್ಕಲ್ಲ, ನೆನೆಯುವುದಕ್ಕೆ. ಆಸೆ ಒಳ್ಳೆಯದೇ. ಆದರೆ ಬಟ್ಟೆಯ ಗಂಟನ್ನು ಬಿಚ್ಚಿ ಕುಳಿತ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ: ಯಾವ ತುಂಡಿಗೆ ಜಾಗ ಕೊಡಬೇಕು, ಯಾವುದನ್ನು ಮತ್ತೆ ಗಂಟಿಗೆ ಸೇರಿಸಬೇಕು?

ನಮ್ಮ ಅಜ್ಜಿಯರಿಗೆ ಈ ಪ್ರಶ್ನೆಯೇ ಇರಲಿಲ್ಲ. ಚಳಿ ಕಾಯಬೇಕಿತ್ತು, ಮನೆಯಲ್ಲಿ ಮಕ್ಕಳು ತುಂಬಿದ್ದರು. ಸಿಕ್ಕ ಚಿಂದಿಯೆಲ್ಲ ಕೌದಿಗೆ ಹೋಯಿತು. ಮದುವೆಯ ಸೀರೆಯ ಪಕ್ಕದಲ್ಲಿ ಕಾಯಿಲೆಯಲ್ಲಿ ಸವೆದ ಅಂಗಿ ಇತ್ತು, ತೀರಿಹೋದ ಕೂಸಿನ ಬಟ್ಟೆಯ ಮಗ್ಗುಲಲ್ಲಿ ಕುಡಿದು ಬರುತ್ತಿದ್ದ ಗಂಡನ ಅಂಗಿ ಇತ್ತು. ಬಡತನವು ಅವರಿಗೆ ಆಯ್ಕೆಯನ್ನು ಕೊಡಲಿಲ್ಲ. ಆದುದರಿಂದಲೇ ಅವರ ಕೌದಿ ಮನೆಯ ಪೂರ್ಣ ಚರಿತ್ರೆಯಾಗಿತ್ತು. ಗೋಡೆಯ ಮೇಲಿನ ಪುಟ್ಟ ಕೌದಿಗಾದರೋ ಹತ್ತು ಹನ್ನೆರಡು ತುಂಡುಗಳು ಸಾಕು. ಆರಿಸುವ ಸ್ವಾತಂತ್ರ್ಯ ನಮಗೆ ಬಂದಿದೆ. ಅದರ ಜೊತೆಯಲ್ಲೇ ಹೊಣೆಯೂ ಬಂದಿದೆ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ತಾಯಂದಿರು ಹೊಲಿಯುವ ಕವಂದಿಯನ್ನು ನೀವು ನೋಡಿರಬಹುದು. ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತರಲ್ಪಟ್ಟು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಅನೇಕರು ಈ ಜನರ ಪೂರ್ವಜರು. 2003ರಲ್ಲಿ ಆ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮ ಕಥೋಲಿಕ ಬಂಧುಗಳೂ ಇದ್ದಾರೆ. ಕ್ರೈಸ್ತ ತಾಯಂದಿರ ಕೆಲವು ಕವಂದಿಗಳಲ್ಲಿ ಶಿಲುಬೆಯ ಆಕಾರ ಕಾಣುತ್ತದೆ. ಅವರು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಲ್ಲಿ ಮಡಿಸಿದ ಪುಟ್ಟ ತ್ರಿಕೋನದ ತುಂಡುಗಳನ್ನು ಕೂರಿಸುತ್ತಾರೆ. ಅವಕ್ಕೆ ಹೂವೆಂದು ಹೆಸರು. ಅವಿಲ್ಲದ ಕವಂದಿ ಬೆತ್ತಲೆಯೆಂದು ಅವರ ಭಾವನೆ. ಸಾಲದ ಬಟ್ಟೆಯಲ್ಲೂ ಹೂವಿಗೊಂದು ಚೂರು ಉಳಿಸುವ ಆ ಮನಸ್ಸು ನನಗೆ ಯಾವ ಪ್ರದರ್ಶನಾಲಯದ ಕಲೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಮೂಲ ಪ್ರಶ್ನೆಗೆ ಬರೋಣ. ಒಂದೇ ಮನೆಯಲ್ಲಿ ಬೆಳೆದ ಇಬ್ಬರು ಸಹೋದರಿಯರನ್ನು ಊಹಿಸಿಕೊಳ್ಳಿ. ತಂಗಿಯ ನೆನಪಿನಲ್ಲಿ ಅಪ್ಪನೆಂದರೆ ಸಂತೆಯಿಂದ ಬೆಂಡು ಬತ್ತಾಸು ತರುತ್ತಿದ್ದವರು. ಅಕ್ಕನ ನೆನಪಿನಲ್ಲಿ ಅವರು ಅಮ್ಮನ ಮೇಲೆ ಕೈಯೆತ್ತುತ್ತಿದ್ದವರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈಗ ತಂಗಿ ಕೌದಿ ಹೊಲಿದು, ಅಪ್ಪನ ಅಂಗಿಯನ್ನು ನಟ್ಟನಡುವೆ ಇಟ್ಟು, ಬಂದವರಿಗೆಲ್ಲ ‘ಇದು ನಮ್ಮ ಬಾಲ್ಯ’ ಎಂದು ತೋರಿಸಿದರೆ ಅಕ್ಕನ ಮನಸ್ಸಿಗೆ ಏನಾಗಬೇಡ? ಆ ‘ನಮ್ಮ’ ಎಂಬ ಮಾತಿನಲ್ಲೇ ತೊಡಕಿದೆ. ‘ನನ್ನ ಬಾಲ್ಯ’ ಎಂದಿದ್ದರೆ ತಕರಾರಿಲ್ಲ.

ನೋವನ್ನು ಬಿಟ್ಟು ಹೊಲಿದರೆ ಅದು ಸುಳ್ಳಾಗುತ್ತದೆಯೇ? ಆಗುವುದಿಲ್ಲವೆಂದು ನನ್ನ ಎಣಿಕೆ. ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕೆಂಬ ನಿಯಮವಿಲ್ಲ. ಇರದಿದ್ದ ಸುಖವನ್ನು ಇತ್ತೆಂದು ಕಟ್ಟುವುದು, ಅಳುತ್ತಿದ್ದವರ ಬಾಯಿಯನ್ನು ಬಣ್ಣದ ಬಟ್ಟೆಯಿಂದ ಮುಚ್ಚುವುದು ಮಾತ್ರ ಸುಳ್ಳು. ಕೌದಿ ಹೊಲಿದು ಬಲ್ಲವರಿಗೆ ಒಂದು ಸಂಗತಿ ಗೊತ್ತು: ಮೇಲಿನ ಚೆಂದದ ತುಂಡುಗಳಷ್ಟೇ ಕೌದಿಯಲ್ಲ. ತೀರ ಜೀರ್ಣವಾದ, ಕಲೆಯಾದ ಬಟ್ಟೆಗಳು ಒಳಪದರಕ್ಕೆ ಹೋಗುತ್ತವೆ. ಅವು ಕಣ್ಣಿಗೆ ಬೀಳುವುದಿಲ್ಲ. ಆದರೆ ಕೌದಿಯ ಭಾರವೂ ಬಿಸುಪೂ ಅವುಗಳದ್ದೇ. ನೋವಿಗೆ ಅಂಥ ಒಂದು ಜಾಗವುಂಟು. ಪುನರುತ್ಥಾನರಾದ ಯೇಸುಸ್ವಾಮಿಯ ದೇಹದಲ್ಲೂ ಗಾಯಗಳು ಅಳಿಸಿಹೋಗಿರಲಿಲ್ಲ. ಅವರು ಅವನ್ನು ಪಿಲಾತನ ಅಂಗಳದಲ್ಲಿ ಪ್ರದರ್ಶಿಸಲಿಲ್ಲ, ಮುಚ್ಚಿದ ಬಾಗಿಲಿನ ಒಳಗೆ ತಮ್ಮವರಿಗೆ ತೋರಿಸಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಕ್ಷಮಿಸಿಬಿಡು, ಅವರ ಅಂಗಿಯನ್ನೂ ಸೇರಿಸು’ ಎಂದು ಏಟು ತಿಂದವರಿಗೆ ಉಪದೇಶಿಸುವ ಅಧಿಕಾರ ನಮಗಿಲ್ಲ. ಕ್ರೈಸ್ತ ಕುಟುಂಬಗಳಲ್ಲಿ ಕ್ಷಮೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮೇಲೆ ಈ ಒತ್ತಾಯ ಹೆಚ್ಚೆಂದೇ ಹೇಳಬೇಕು. ಕ್ಷಮೆ ದೇವರ ಕೃಪೆಯಿಂದ ಒಳಗಿನಿಂದ ಬರತಕ್ಕದ್ದು. ಇನ್ನೊಬ್ಬರ ಕೈ ಹಿಡಿದು ಸೂಜಿ ಚುಚ್ಚಿಸಿದರೆ ಬರುವುದಿಲ್ಲ. ಅಕ್ಕ ಆ ಅಂಗಿಯನ್ನು ಗಂಟಿನಲ್ಲೇ ಇಡಲಿ. ಸುಟ್ಟರೂ ಅದು ಅವಳ ವಿವೇಚನೆ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ತಬಿಥಾಳನ್ನು ನೆನೆಯಿರಿ. ಅವಳು ತೀರಿಕೊಂಡಾಗ ವಿಧವೆಯರು ಅಳುತ್ತ ಸಂತ ಪೇತ್ರರಿಗೆ ತೋರಿಸಿದ್ದು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು. ಅವಳ ಗುಣಗಾನವನ್ನು ಯಾರೂ ಸಿದ್ಧಪಡಿಸಿಕೊಂಡು ಬಂದಿರಲಿಲ್ಲ. ಅವಳ ಬದುಕಿಗೆ ಸಾಕ್ಷಿಯಾದದ್ದು ಅವಳ ಕೈಕೆಲಸ, ಅದನ್ನು ಎತ್ತಿ ತೋರಿಸಿದವರು ಅದರಿಂದ ಮೈ ಮುಚ್ಚಿಕೊಂಡವರು.

ಆದುದರಿಂದ ಅಮ್ಮನ ಸೀರೆಗೆ ಕತ್ತರಿ ಹಾಕುವ ಮುನ್ನ ಒಡಹುಟ್ಟಿದವರನ್ನು ಒಮ್ಮೆ ಕೇಳಿ. ‘ಕೌದಿ ಮಾಡುತ್ತಿದ್ದೇನೆ, ನಿನಗೆ ಯಾವ ಭಾಗ ಬೇಕು?’ ಎಂದರೆ ಸಾಕು. ಅಕ್ಕ ಸೆರಗನ್ನು ಕೇಳಬಹುದು, ಅಣ್ಣ ಏನೂ ಬೇಡವೆನ್ನಬಹುದು. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟ ತಮ್ಮನಿದ್ದರೆ ಅವನಿಗೂ ಒಂದು ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ಅವನ ಪಾಲಿನ ತುಂಡನ್ನು ಕತ್ತರಿಸದೆ ಮಡಿಸಿಡಿ. ನಾಲ್ಕನೆಯ ಮೂಲೆಯ ಹೂವಿಗೆ ಯಾವ ಬಟ್ಟೆಯೆಂದು ಆಮೇಲೆ ನೋಡಬಹುದು.