ಪಾನಕ ಚೆಲ್ಲಿತೋ, ಚೆಲ್ಲಿದೆನೋ?

ನಿತ್ಯವೂ ಮನೆಯಲ್ಲಿ ನಾವಾಡುವ ಕನ್ನಡವನ್ನು ಕಿವಿಗೊಟ್ಟು ಕೇಳಿದರೆ ಒಂದು ವಿಚಿತ್ರವು ತಿಳಿದುಬರುತ್ತದೆ. ನಮ್ಮ ಕೈಯಿಂದ ಜಾರಿ ಬಿದ್ದರೆ 'ಲೋಟ ಒಡೆಯಿತು' ಎನ್ನುತ್ತೇವೆ. ಮತ್ತೊಬ್ಬರ ಕೈಯಿಂದ ಬಿದ್ದರೆ 'ಅವಳು ಲೋಟ ಒಡೆದಳು' ಎನ್ನುತ್ತೇವೆ. ನಾವು ಮರೆತು ನಿಂತಾಗ ಹಾಲು ತಾನಾಗಿ ಉಕ್ಕುತ್ತದೆ. ಸೊಸೆ ಮರೆತರೆ ಅವಳು ಉಕ್ಕಿಸುತ್ತಾಳೆ. ನಮ್ಮ ಬೀಗದ ಕೈ ಕಳೆದುಹೋಗುತ್ತದೆ, ಮಗನಾದರೆ ಕಳೆದುಬಿಡುತ್ತಾನೆ. ತನ್ನ ಪಾಲಿಗೆ ಅಕರ್ಮಕ ಕ್ರಿಯಾಪದ, ಪರರ ಪಾಲಿಗೆ ಸಕರ್ಮಕ. ಇದು ವ್ಯಾಕರಣದ ಮಾತಷ್ಟೇ ಅಲ್ಲವೆಂಬುದು ನನಗೆ ಒಂದು ನಡಿಗೆ ಸ್ಪರ್ಧೆಯ ಛಾಯಾಚಿತ್ರಗಳಿಂದ ಅರಿವಾಯಿತು.

2024ರ ಮಹಾವೀರ ಜಯಂತಿಯು ಭಾನುವಾರ ಬಂದಿದ್ದಿತು. ನಮ್ಮ ಊರಿನ ಬಸದಿಯ ಯುವಕರು ಅಂದು ಬೆಳಿಗ್ಗೆ ಕೆರೆಯ ಸುತ್ತಲಿನ ರಸ್ತೆಯಲ್ಲಿ ಮೂರು ಸುತ್ತಿನ ನಡಿಗೆ ಸ್ಪರ್ಧೆಯನ್ನು ಏರ್ಪಡಿಸಿದ್ದರು. ಓಡಕೂಡದು, ಯಾವಾಗಲೂ ಒಂದು ಪಾದ ನೆಲದ ಮೇಲಿರಬೇಕು ಎಂಬುದು ನಿಯಮ. ಇಬ್ಬರು ಹಿರಿಯರು ತೀರ್ಪುಗಾರರು. ಮೊದಲ ಬಹುಮಾನ ಒಂದು ಚಿಕ್ಕ ಬೆಳ್ಳಿಯ ಕಲಶ. ಛಾಯಾಚಿತ್ರ ತೆಗೆಯುವ ಕೆಲಸವನ್ನು ಆಡಳಿತ ಮಂಡಳಿಯವರು ನನಗೆ ಒಪ್ಪಿಸಿದರು. ನಲವತ್ತು ವರ್ಷಗಳಿಂದ ಕ್ಯಾಮೆರಾ ಹಿಡಿದವನೆಂಬ ಹೆಮ್ಮೆ ನನಗೂ ಇದ್ದಿತೆಂದು ಒಪ್ಪಿಕೊಳ್ಳಬೇಕು.

ನಡೆಯುವವರ ಮುಖ ಬೇಕಾದರೆ ಚಿತ್ರಗಾರನು ಅವರಿಗೆ ಎದುರಾಗಿ ಹಿಂದಕ್ಕೆ ಹೆಜ್ಜೆಯಿಡಬೇಕಾಗುತ್ತದೆ. ಮೊದಲ ಸುತ್ತಿನಲ್ಲಿಯೇ ನಾನು ಹಾಗೆ ಹಿಂದೆ ಸರಿಯುತ್ತ, ಕೆರೆಯ ಏರಿ ತಿರುಗುವಲ್ಲಿ, ಬೆಲ್ಲದ ಪಾನಕದ ಪಾತ್ರೆಯನ್ನು ಹೊತ್ತು ತರುತ್ತಿದ್ದ ಒಬ್ಬ ಶ್ರಾವಿಕೆಗೆ ಡಿಕ್ಕಿ ಹೊಡೆದೆ. ಆಕೆ ಬೀಳಲಿಲ್ಲ. ಅರ್ಧ ಪಾತ್ರೆ ಪಾನಕ ರಸ್ತೆಯ ಪಾಲಾಯಿತು. ನಾನು ಕ್ಷಮಿಸಿ ಎಂದೆನೋ ಇಲ್ಲವೋ ನೆನಪಿಲ್ಲ. ಮುಂದಿನ ಗುಂಪು ಬರುತ್ತಿದ್ದಿತು, ಕಣ್ಣು ಮತ್ತೆ ಕ್ಯಾಮೆರಾಕ್ಕೆ ಅಂಟಿತು. ಮನೆಯಲ್ಲಿ ಅಂಗಿಯ ಕಲೆಯನ್ನು ನೋಡಿ ಕೇಳಿದಾಗ ನಾನು ಹೇಳಿದ್ದು 'ಪಾನಕ ಚೆಲ್ಲಿತು' ಎಂದು.

ಸಂಜೆ ಚಿತ್ರಗಳನ್ನು ನೋಡುತ್ತಿರುವಾಗ ಕೊನೆಯ ಸುತ್ತಿನ ಒಂದು ಚಿತ್ರ ನನ್ನನ್ನು ತಡೆದು ನಿಲ್ಲಿಸಿತು. ಮೊದಲ ಬಹುಮಾನ ಪಡೆದ ತರುಣನ ಎರಡೂ ಪಾದಗಳು ನೆಲದಿಂದ ಮೇಲಿದ್ದವು. ಪಾದಗಳ ಕೆಳಗೆ ಕೆಂಪು ಗೆರೆಯೊಂದನ್ನೆಳೆದು ಅದನ್ನು ಸಮಾಜದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಏತಕ್ಕೆ ಹಾಕಿದೆ? ನಿಯಮದ ಮೇಲಿನ ಗೌರವದಿಂದ ಎಂದು ಅಂದು ನಂಬಿದ್ದೆ. ಇಂದು ಹಾಗೆನ್ನಲಾರೆ. ಯಾರ ಕಣ್ಣಿಗೂ ಕಾಣದ್ದು ನನಗೆ ಸಿಕ್ಕಿತು ಎಂಬ ಹಿಗ್ಗೇ ಅದರಲ್ಲಿ ಹೆಚ್ಚಾಗಿದ್ದಿತು.

ಈ ಹಿಗ್ಗು ಕ್ಯಾಮೆರಾದಷ್ಟೇ ಹಳೆಯದೆನ್ನಬಹುದು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಜ್ ಎಂಬ ಛಾಯಾಚಿತ್ರಗಾರನು ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯ ನಾಲ್ಕೂ ಗೊರಸುಗಳು ಒಂದು ಕ್ಷಣ ನೆಲ ಬಿಟ್ಟಿರುವುದನ್ನು ತೋರಿಸಿ ಜಗತ್ತನ್ನು ಬೆರಗುಗೊಳಿಸಿದನು. ಮನುಷ್ಯನ ನಡಿಗೆಯೂ ವೇಗ ಹೆಚ್ಚಿದಾಗ ಹೀಗೆಯೇ ಆಗುತ್ತದೆ. ಆದುದರಿಂದಲೇ ಅಂತರರಾಷ್ಟ್ರೀಯ ನಡಿಗೆ ಸ್ಪರ್ಧೆಗಳ ನಿಯಮವು ಬಹು ಎಚ್ಚರಿಕೆಯ ಮಾತನ್ನಾಡುತ್ತದೆ: ಪಾದವು ನೆಲ ಬಿಟ್ಟದ್ದು ಮನುಷ್ಯನ ಬರಿಗಣ್ಣಿಗೆ ಕಾಣಬೇಕು, ಕಂಡರೆ ಮಾತ್ರ ತಪ್ಪು. ಚಿತ್ರವನ್ನು ನೋಡಿ ತೀರ್ಪು ಕೊಡುವುದಿಲ್ಲ. ಹಾಗೆಂದು ಅಲ್ಲಿ ಸಡಿಲಿಕೆಯೇನೂ ಇಲ್ಲ. 2000ದ ಸಿಡ್ನಿ ಒಲಿಂಪಿಕ್ಸಿನ 20 ಕಿಲೋಮೀಟರ್ ನಡಿಗೆಯಲ್ಲಿ ಮೊದಲಿಗನಾಗಿ ಗುರಿ ಮುಟ್ಟಿದ ಮೆಕ್ಸಿಕೋದ ಬರ್ನಾರ್ಡೊ ಸೆಗುರಾ ತನ್ನ ದೇಶದ ಅಧ್ಯಕ್ಷರೊಡನೆ ದೂರವಾಣಿಯಲ್ಲಿ ಮಾತನಾಡುತ್ತಿರುವಾಗಲೇ ಅನರ್ಹನೆಂದು ತಿಳಿಸಲಾಯಿತು. ಚಿನ್ನವು ಪೋಲೆಂಡಿನ ಕೊರ್ಜೆನಿಯೋವ್ಸ್ಕಿಗೆ ಹೋಯಿತು. ಅಲ್ಲಿಯೂ ದಾರಿಯುದ್ದಕ್ಕೂ ನಿಂತ ತೀರ್ಪುಗಾರರ ಕಣ್ಣುಗಳೇ ಪ್ರಮಾಣ.

ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬರು ಈ ನಿಯಮವನ್ನು ತಿಳಿಸಿದ ಮೇಲೆ, ಹಿರಿಯರಿಬ್ಬರ ತೀರ್ಪೇ ನಿಂತಿತು. ನಿರ್ಣಯ ಸರಿಯಾದುದೇ. ಆದರೆ ಆ ತರುಣನು ಮರುದಿನವೇ ಕಲಶವನ್ನು ಬಸದಿಯ ಕಚೇರಿಯ ಮೇಜಿನ ಮೇಲಿಟ್ಟು ಹೋಗಿದ್ದನು. ಬಳಿಕ ಕೆಲವು ತಿಂಗಳು ಅವನು ಪೂಜೆಗೂ ಬರಲಿಲ್ಲ.

ಈ ನಡುವೆ ಎರಡನೆಯ ಸ್ಥಾನ ಪಡೆದವರ ಮನೆಯವರು ಅದೇ ಚಿತ್ರದ ದೊಡ್ಡ ಪ್ರತಿಯನ್ನು ಕೇಳಿದರು. ಅದನ್ನು ಕೊಡುವ ಮೊದಲು ಹಿಗ್ಗಿಸಿ ನೋಡಿದೆ. ಪಾದಗಳ ಹಿಂದೆ, ಚಿತ್ರದ ಅಂಚಿನಲ್ಲಿ, ಒಬ್ಬ ಹೆಂಗಸು ಎರಡೂ ಕೈಗಳನ್ನು ಚಾಚಿ ನಿಂತಿದ್ದಾರೆ. ಪಾನಕದ ಪಾತ್ರೆಯ ಆ ತಾಯಿಯೇ. ರಸ್ತೆಯ ಮೇಲೆ ಕಪ್ಪನೆಯ ಒಂದು ಪಟ್ಟೆ. ಸ್ಥಳ ಅದೇ ಏರಿಯ ತಿರುವು. ಬೆಲ್ಲಕ್ಕೆ ಇರುವೆ ಮುತ್ತಿದ್ದವು. ನಡೆಯುವವರು ಬಳಸಿಕೊಂಡು ಹೋಗಲೆಂದು ಆಕೆ ಬಿಸಿಲಿನಲ್ಲಿ ಸ್ಪರ್ಧೆ ಮುಗಿಯುವವರೆಗೂ ಅಲ್ಲಿಯೇ ನಿಂತಿದ್ದರೆಂದು ವಿಚಾರಿಸಿದಾಗ ತಿಳಿಯಿತು. ಹಾಗಾದರೆ ತರುಣನ ಕಾಲುಗಳೆರಡೂ ಮೇಲೆದ್ದದ್ದು ವೇಗದಿಂದಲೋ, ಇರುವೆಗಳನ್ನು ದಾಟುವುದಕ್ಕೋ? ಚಿತ್ರವು ಹೇಳಲಾರದು. ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಬಾಗಿಲು ತೆರೆದು ಮುಚ್ಚುವ ಆ ಯಂತ್ರಕ್ಕೆ ಪಾದ ಕಾಣುತ್ತದೆ, ಪಾದವನ್ನೆತ್ತಿದ ಮನಸ್ಸು ಕಾಣುವುದಿಲ್ಲ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಗೆ ಕೊಟ್ಟ ಲಕ್ಷಣದಲ್ಲಿ ಪ್ರಾಣಹರಣಕ್ಕಿಂತ ಮೊದಲು ಬರುವ ಪದ ಪ್ರಮಾದ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇದನ್ನು ಇನ್ನೂ ಬಿಗಿಗೊಳಿಸುತ್ತಾರೆ: ಜೀವಿ ಸಾಯಲಿ ಬದುಕಲಿ, ಯತ್ನವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತ, ಸಮಿತಿಯಿಂದ ನಡೆಯುವವನಿಗೆ ಕೇವಲ ಪ್ರಾಣಘಾತದಿಂದ ಬಂಧವಿಲ್ಲ. ಇದನ್ನು ಪಾಠಶಾಲೆಯಲ್ಲಿ ಎಷ್ಟೋ ಸಲ ವಿವರಿಸಿದವನೇ ನಾನು. ಆದರೆ ಈ ಅಳತೆಗೋಲನ್ನು ಹಿಡಿಯುವಾಗ ಒಂದು ಚಾತುರ್ಯವನ್ನು ತೋರುತ್ತೇವೆ. ನಮಗೆ ಅನ್ವಯಿಸಿಕೊಳ್ಳುವಾಗ ಎರಡನೆಯ ಭಾಗವನ್ನು ನೆನೆಯುತ್ತೇವೆ: ನನ್ನ ಭಾವ ಶುದ್ಧವಾಗಿತ್ತು, ಆದದ್ದು ಆಕಸ್ಮಿಕ. ಪರರಿಗಾದರೆ ಮೊದಲನೆಯ ಭಾಗ: ಅವನಿಗೆ ಯತ್ನವೇ ಇಲ್ಲ. ಪರರ ಯತ್ನವನ್ನು ಅಳೆಯುವ ಕಣ್ಣು ನಮಗಿಲ್ಲ. ಅಳೆಯಬಲ್ಲದ್ದು ಒಬ್ಬನದು ಮಾತ್ರ, ಅವನನ್ನು ಬಿಟ್ಟುಕೊಡುತ್ತೇವೆ.

ಗೃಹಸ್ಥನು ಬಿಡಬೇಕಾದದ್ದು ಸಂಕಲ್ಪೀ ಹಿಂಸೆ, ಪಾನಕ ಚೆಲ್ಲಿದ್ದು ಸಂಕಲ್ಪದಿಂದಲ್ಲವಲ್ಲ ಎಂದು ಸ್ನೇಹಿತರೊಬ್ಬರು ಸಮಾಧಾನ ಹೇಳಿದರು. ನಿಜ. ಆದರೆ ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆಯನ್ನು ಸಮಂತಭದ್ರಾಚಾರ್ಯರು ಎಣಿಸಿರುವುದು ಯಾರಿಗಾಗಿ? ಸಂಕಲ್ಪವಿಲ್ಲದೆ ನೀರು ಚೆಲ್ಲುವ, ಸುಮ್ಮನೆ ಅಲೆಯುವ ನಮ್ಮಂತಹ ಗೃಹಸ್ಥರಿಗಾಗಿಯೇ. ಹದಿನೈದು ಪ್ರಮಾದಗಳಲ್ಲಿ ಐದು ಇಂದ್ರಿಯಗಳೂ ಸೇರಿವೆ. ಅಂದು ನನ್ನನ್ನು ಎಳೆದೊಯ್ದದ್ದು ಕಣ್ಣು. ಈರ್ಯಾಸಮಿತಿಯಲ್ಲಿ ಮುನಿಗಳು ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹಗಲಿನಲ್ಲಿ ನಡೆಯುತ್ತಾರೆ. ನಾನು ನಾಲ್ಕು ಮೊಳ ದೂರದಲ್ಲಿ ಇತರರ ಪಾದಗಳನ್ನು ನೋಡುತ್ತ, ನನ್ನ ಪಾದ ಬೀಳುವ ಕಡೆಗೆ ಬೆನ್ನು ಮಾಡಿ ನಡೆದೆ.

ಕಾಣದ ತಪ್ಪಿನ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಫಿಲ್ಮ್ ಸುರುಳಿಗಳ ಕಾಲದಲ್ಲಿ ಮುನಿಸಂಘಗಳ ವಿಹಾರದ ಚಿತ್ರಗಳನ್ನು ಭಕ್ತಿಯಿಂದ ತೆಗೆದು ಬಸದಿಗಳಿಗೆ ಕೊಟ್ಟಿದ್ದೇನೆ. ಫಿಲ್ಮಿನ ಮೇಲಿನ ಲೇಪದಲ್ಲಿ ಬೆಳ್ಳಿಯ ಲವಣವನ್ನು ಹಿಡಿದಿಡುತ್ತಿದ್ದುದು ಜೆಲಟಿನ್. ಅದು ಪ್ರಾಣಿಗಳ ಮೂಳೆ, ಚರ್ಮಗಳಿಂದ ಬಂದದ್ದು. ತಿಳಿದಾಗ ತಡವಾಗಿದ್ದಿತು. ಆ ಚಿತ್ರಗಳು ಇಂದಿಗೂ ಗೋಡೆಗಳ ಮೇಲಿವೆ. ಪರರ ಅಂಗಾಲಿನ ಕೆಳಗೆ ಕೆಂಪು ಗೆರೆ ಎಳೆದ ಕೈ ಆ ಚೌಕಟ್ಟುಗಳ ಕೆಳಗೆ ಎಂದೂ ಗೆರೆ ಎಳೆದಿರಲಿಲ್ಲ.

ಇನ್ನು ಕಂಡದ್ದನ್ನು ಹೇಳುವುದರಲ್ಲಿ ತಪ್ಪೇನು, ಸತ್ಯವಲ್ಲವೆ ಎಂಬ ಪ್ರಶ್ನೆಯಿದೆ. ಪರರಿಗೆ ವಿಪತ್ತನ್ನು ತರುವ ಸತ್ಯವನ್ನು ಆಡದಿರುವುದೂ ಸತ್ಯಾಣುವ್ರತದಲ್ಲಿ ಸೇರಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು; ಅದಕ್ಕೆ ಉದಾಹರಣೆಯಾದ ಜಿನೇಂದ್ರಭಕ್ತ ಶ್ರೇಷ್ಠಿಯು ಬ್ರಹ್ಮಚಾರಿಯ ವೇಷದಲ್ಲಿ ಬಂದು ರತ್ನವನ್ನು ಕದ್ದವನನ್ನೇ ಜನರ ಮುಂದೆ ಕಾಪಾಡಿದನು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಬಸದಿಯ ಲೆಕ್ಕಪತ್ರದ ತಪ್ಪನ್ನು ಉಪಗೂಹನವೆಂಬ ಹೆಸರಿನಿಂದ ಮುಚ್ಚುವ ಆಡಳಿತ ಮಂಡಳಿಯನ್ನು ನಾನು ಸಮರ್ಥಿಸಲಾರೆ. ಅಲ್ಲಿ ನಷ್ಟವಾಗುವುದು ದೇವದ್ರವ್ಯಕ್ಕೆ, ನಂಬಿ ಕೊಟ್ಟ ಶ್ರಾವಕರಿಗೆ. ನಡಿಗೆ ಸ್ಪರ್ಧೆಯಲ್ಲಿಯೂ ಎರಡನೆಯವರಿಗೆ ಅನ್ಯಾಯವಾಗಿದ್ದರೆ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆಗಲೂ ಚಿತ್ರವನ್ನು ಒಯ್ಯಬೇಕಾದದ್ದು ಇಬ್ಬರು ತೀರ್ಪುಗಾರರ ಬಳಿಗೆ, ಅದಕ್ಕೂ ಮೊದಲು ಆ ತರುಣನ ಬಳಿಗೆ. ಇನ್ನೂರು ಮನೆಗಳ ಬಳಿಗಲ್ಲ.

ಆ ವರ್ಷ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯಂದು ಅವನ ಮನೆಗೆ ಹೋದೆ. ತಪ್ಪಾಯಿತೆಂದೆ. ಇರುವೆಗಳ ವಿಷಯವನ್ನು ಕೇಳಿದೆ. "ನೆನಪಿಲ್ಲ ಸಾರ್, ಆಗ ಏದುಸಿರು ಬಿಡುತ್ತಿದ್ದೆ, ದಾಟಿದೆನೋ ತುಳಿದೆನೋ ಗೊತ್ತಿಲ್ಲ" ಎಂದನು. ಅನುಕೂಲವಾದ ಉತ್ತರವನ್ನು ನಾನೇ ಕೈಗೆ ಕೊಟ್ಟಿದ್ದರೂ ಅವನು ತೆಗೆದುಕೊಳ್ಳಲಿಲ್ಲ. ಕಲಶವನ್ನು ಮಾತ್ರ ಮರಳಿ ಒಯ್ಯಲು ಒಪ್ಪಲಿಲ್ಲ. ಈಗ ಅದು ಅಭಿಷೇಕಕ್ಕೆ ಬಳಕೆಯಾಗುತ್ತಿದೆ.

ಅಲ್ಲಿಂದ ಪಾನಕದ ತಾಯಿಯ ಮನೆಗೆ ಹೋದೆ. ಐದು ತಿಂಗಳ ಹಿಂದಿನ ಮಾತನ್ನು ನೆನಪಿಸಿದಾಗ ಆಕೆ ನಕ್ಕು, "ಅಯ್ಯೋ, ಪಾನಕ ಚೆಲ್ಲಿತು, ಅದಕ್ಕೇನಂತೆ" ಎಂದರು. ನನ್ನ ಕೈಯ ತಪ್ಪಿಗೆ ಆಕೆ ಅಕರ್ಮಕ ಪದವನ್ನು ಕೊಟ್ಟಿದ್ದರು.

"ಇಲ್ಲಮ್ಮ, ಚೆಲ್ಲಿದವನು ನಾನು" ಎಂದೆ.

ಆಕೆ ಅದಕ್ಕೆ ಉತ್ತರ ಹೇಳಲಿಲ್ಲ. ಮೊಮ್ಮಗನೂ ಅಂದು ನಡೆದಿದ್ದನೆಂದೂ, ಅವನ ಚಿತ್ರವೊಂದಿದ್ದರೆ ಬೇಕೆಂದೂ ಕೇಳಿದರು. ಮನೆಗೆ ಬಂದು ಮುನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಹುಡುಕಿದೆ. ಹುಡುಗನು ಎಲ್ಲರಿಗಿಂತ ಹಿಂದೆ ನಡೆದಿದ್ದನಂತೆ. ನಾನು ಉದ್ದಕ್ಕೂ ಮುಂದಿನವರ ಎದುರಿಗೇ ಇದ್ದೆ. ಒಂದು ಚಿತ್ರದಲ್ಲಿಯೂ ಅವನಿರಲಿಲ್ಲ.