ಕಣ್ಣು ಕಿವಿಗಳ ಉಪವಾಸ



ಅಷ್ಟಮಿ ಚತುರ್ದಶಿಗಳ ಉಪವಾಸವು ನಮ್ಮ ಮನೆಗಳಲ್ಲಿ ಇಂದಿಗೂ ನಡೆದುಬಂದಿದೆ. ಆದರೆ ಅನ್ನಪಾನಗಳನ್ನು ತ್ಯಜಿಸಿದವರ ಕೈಯಲ್ಲಿಯೂ ಮೊಬೈಲ್ ಫೋನು ಬೆಳಗಿನಿಂದ ಬೆಳಗುತ್ತಲೇ ಇರುತ್ತದೆ. ಹಸಿವನ್ನು ಮರೆಯಲೆಂದೇ ಅದನ್ನು ನೋಡುವವರೂ ಉಂಟು. ಇದು ಉಪವಾಸವೆನಿಸುವುದೇ?

ಶಬ್ದಾದಿ ವಿಷಯಗಳಲ್ಲಿಯ ಔತ್ಸುಕ್ಯವನ್ನು ತೊರೆದು ಐದೂ ಇಂದ್ರಿಯಗಳು ಒಳಗೆ ನೆಲೆಸುವುದೇ ಉಪವಾಸವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅರ್ಥವಿಸಿದ್ದಾರೆ. ನಾಲಗೆಯನ್ನು ಮಾತ್ರ ಕಟ್ಟಿ ಕಣ್ಣು ಕಿವಿಗಳಿಗೆ ಔತಣವಿಕ್ಕುವುದು, ಐದು ಬಾಗಿಲುಗಳಲ್ಲಿ ಒಂದಕ್ಕೆ ಅಗುಳಿಯಿಕ್ಕಿ ಉಳಿದವನ್ನು ತೆರೆದಿಟ್ಟಂತೆ.

ಈ ಔತಣದ ಬೆಲೆಯನ್ನು ತೆರುವವರು ಮನೆಯವರು. ರಾತ್ರಿಭೋಜನತ್ಯಾಗವಿರುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಊಟ ಮುಗಿಯುತ್ತದೆ. ಬಳಿಕ ಉಳಿಯುವ ದೀರ್ಘ ಸಂಜೆಯಲ್ಲಿ ಅಜ್ಜಿಯು ಮೊಮ್ಮಕ್ಕಳಿಗೆ ಭರತ ಬಾಹುಬಲಿಯರ ಕಥೆ ಹೇಳುತ್ತಿದ್ದಳು. ಮಕ್ಕಳ ಮನದ ಅಳಲು ತಂದೆತಾಯಿಗಳಿಗೆ ತಿಳಿಯುತ್ತಿತ್ತು. 2016ರಿಂದೀಚೆಗೆ ಅಂತರ್ಜಾಲದ ದರ ಇಳಿದು, ಆ ಸಂಜೆಯು ಪರದೆಯ ಪಾಲಾಯಿತು. ಗ್ರಂಥಕ್ಕೆ ಕೊನೆಯ ಪುಟವುಂಟು. ಒಂದು ಮುಗಿದೊಡನೆ ಮತ್ತೊಂದು ತಾನಾಗಿ ತೆರೆಯುವ ಈ ದೃಶ್ಯಗಳಿಗೆ ಕೊನೆಯಿಲ್ಲ. ಮಗು ಕರೆಯುತ್ತದೆ, ತಂದೆಯು ‘ಹೂಂ’ ಎನ್ನುತ್ತಾನೆ, ತಲೆಯೆತ್ತುವುದಿಲ್ಲ. ಮೂರು ಬಾರಿ ಕರೆದ ಮಗು ನಾಲ್ಕನೆಯ ಬಾರಿ ಕರೆಯುವುದನ್ನೇ ಬಿಡುತ್ತದೆ. ಬಯ್ಯದೆ, ಹೊಡೆಯದೆ ಉಂಟಾದ ಈ ನೋವಿಗೂ ನಮ್ಮ ಪ್ರಮಾದವೇ ಕಾರಣ.

ಫೋನನ್ನು ಬಿಸುಡಬೇಕೆಂದಲ್ಲ. ವ್ಯಾಪಾರಕ್ಕೂ, ದೂರದೂರಿನಲ್ಲಿರುವ ಮಗಳ ಕ್ಷೇಮವನ್ನರಿಯಲೂ ಅದು ಬೇಕು. ಮತ್ತೆ ಮತ್ತೆ ಬಳಸುವ ವಸ್ತುವಾದುದರಿಂದ ಅದು ಉಪಭೋಗ. ಭೋಗೋಪಭೋಗ ಪರಿಮಾಣವ್ರತವೇ ಅದಕ್ಕೆ ಮದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೀವಾವಧಿಯ ತ್ಯಾಗವನ್ನು ಯಮವೆಂದೂ, ಕಾಲಮಿತಿಯುಳ್ಳುದನ್ನು ನಿಯಮವೆಂದೂ ವಿಂಗಡಿಸಿದ್ದಾರೆ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ: ಶಕ್ತಿಯಿದ್ದಷ್ಟು ನಿಯಮವನ್ನು ಕೈಕೊಳ್ಳಬಹುದು.

2022ರಲ್ಲಿ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ವಡಗಾಂವ ಎಂಬ ಹಳ್ಳಿಯವರು, ಸಂಜೆ 7 ಗಂಟೆಗೆ ಸೈರನ್ ಕೂಗಿದೊಡನೆ ಒಂದೂವರೆ ಗಂಟೆಯ ಕಾಲ ಫೋನು, ಟಿ.ವಿ.ಗಳನ್ನು ಆರಿಸುವ ಕಟ್ಟಳೆ ಮಾಡಿಕೊಂಡರು. 48 ನಿಮಿಷಗಳ ಎರಡು ಸಾಮಾಯಿಕಗಳಿಗಿಂತಲೂ ಅದು ಕಡಿಮೆ ಕಾಲ. ಒಂದು ಊರೇ ಕೈಗೊಂಡುದನ್ನು ಒಂದು ಮನೆ ಮಾಡಲಾರದೇ?

ಬರುವ ಚತುರ್ದಶಿಯಂದು ಹಿರಿಯರೇ ಮೊದಲು ತಮ್ಮ ಫೋನನ್ನು ಪೆಟ್ಟಿಗೆಯಲ್ಲಿರಿಸಿ, ಜಿನಬಿಂಬದ ಸನ್ನಿಧಿಯಲ್ಲಿ ಒಂದು ದಿನದ ನಿಯಮವನ್ನು ಸ್ವೀಕರಿಸಲಿ. ಮಕ್ಕಳು ಉಪದೇಶವನ್ನಲ್ಲ, ಆಚರಣೆಯನ್ನು ಅನುಸರಿಸುವರು. ಅಂದು ಮನೆಯಲ್ಲಿ ಯಾರು ಕರೆದರೂ ತಲೆಯೆತ್ತಿ, ಮುಖ ನೋಡಿ ಓಗೊಡಿರಿ. ಉಪವಾಸದ ಫಲವು ಆ ಕ್ಷಣದಿಂದಲೇ ಮನೆಯವರಿಗೂ ದೊರೆಯತೊಡಗುವುದು.